ಬಲಕ್ಕೆ ತಿರುಗಿದರೆ ಕೂಗುವ ಗಾಡಿ

ಆ ಪಿಕಪ್ ಗಾಡಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿತ್ತು. ಬೆಳಗ್ಗೆ ಹತ್ತರ ಹೊತ್ತು. ಮೇಸ್ತ್ರಿ ತನ್ನ ಶೆಡ್ಡಿನ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಯಾರದೋ ಸ್ಕೂಟರಿನ ಕಾರ್ಬೊರೇಟರ್ ತೊಳೆಯುತ್ತಿದ್ದ. ದೂರದಲ್ಲಿ ಒಂದು ಹಾರ್ನ್ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಈಗಿನ ಗಾಡಿಗಳ ಹಾಗೆ ಕಿರುಚುವುದಲ್ಲ, ಹೊಟ್ಟೆಯ ಆಳದಿಂದ ಬರುವ ದಪ್ಪ ದನಿ. ಅವನು ಕೈಕೆಲಸ ಬಿಟ್ಟು ತಲೆ ವಾರೆ ಮಾಡಿ ಕೇಳಿದ. ಪೆಟ್ರೋಲ್ ಬಂಕಿನ ತಿರುವಿನಲ್ಲಿ ಕೂಗಿತು, ನೇರ ರಸ್ತೆಯಲ್ಲಿ ಸುಮ್ಮನಾಯಿತು, ಶೆಡ್ಡಿನ ಓಣಿಗೆ ತಿರುಗುವಲ್ಲಿ ಮತ್ತೆ ಕೂಗಿತು. ಎರಡೂ ಬಲ ತಿರುವು.

“ವೈರು ತಿಂದುಹೋಗಿದೆ,” ಎಂದು ತನಗೆ ತಾನೇ ಹೇಳಿಕೊಂಡ.

ಅವನನ್ನು ಆ ಸುತ್ತಿನವರೆಲ್ಲ ಕರೆಯುತ್ತಿದ್ದುದೇ ಕಿವಿ ಮೇಸ್ತ್ರಿ ಎಂದು. ಇಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತನೆಂದರೆ, ಒಳಗೆ ಯಾವ ವಾಲ್ವಿಗೆ ಏನು ಕಷ್ಟವೆಂದು ಹೇಳಿಬಿಡುತ್ತಿದ್ದ. ಹದಿನಾರನೆಯ ವಯಸ್ಸಿಗೆ ಲಾರಿ ಡಿಪೋದಲ್ಲಿ ಟೈರು ಉರುಳಿಸಲು ಸೇರಿದವನು, ಹನ್ನೆರಡು ವರ್ಷ ಅಲ್ಲಿ ದುಡಿದು, ಆಮೇಲೆ ಬಂಕಿನ ಹಿಂದಿನ ಈ ತಗಡಿನ ಶೆಡ್ಡನ್ನು ಬಂಕಿನವರಿಂದ ಬಾಡಿಗೆಗೆ ಹಿಡಿದಿದ್ದ. ಈಗ ಅರವತ್ತೊಂದು.

ಕಾರೊಂದು ಹಗ್ಗ ಕಟ್ಟಿ ಎಳೆದು ತಂದ ಪಿಕಪ್ ಶೆಡ್ಡಿನ ಮುಂದೆ ನಿಂತಿತು. ಮೇಸ್ತ್ರಿಗಿಂತ ಹತ್ತು ವರ್ಷ ಹಿರಿಯ ಗಾಡಿ. ಉಬ್ಬಿದ ಮೂತಿ, ದುಂಡು ದೀಪ, ಹಿಂದೆ ಹಲಗೆಯ ತೊಟ್ಟಿ. ಹಸಿರು ಬಣ್ಣ ಬಿಸಿಲಿಗೆ ಬೆಳ್ಳಗಾಗಿ ಬೂದಿಯ ಹಾಗೆ ಕೈಗಂಟುತ್ತಿತ್ತು. ಅದರಲ್ಲಿ ಕೂತು ಚಕ್ರ ಹಿಡಿದಿದ್ದ ಡ್ರೈವರ್ ಇಳಿದವನೇ ಬೆವರು ಒರೆಸಿಕೊಂಡ.

“ದಾರಿಯುದ್ದಕ್ಕೂ ಬೈಸಿಕೊಂಡೆ ಮೇಸ್ತ್ರಿ. ನಾನು ಹಾರ್ನ್ ಮುಟ್ಟೇ ಇಲ್ಲ ಅಂತ ಎಷ್ಟು ಜನಕ್ಕೆ ಹೇಳ್ಲಿ?”

ಮುಂದಿನ ಕಾರಿನಿಂದ ಇಳಿದವರು ಹೋಟೆಲ್ ಮಾಲೀಕರು. ದುಂಡು ಮೈ, ಎಲ್ಲರ ಹೆಗಲ ಮೇಲೂ ಕೈ ಹಾಕಿ ಮಾತಾಡುವ ಮನುಷ್ಯ. ಹಳೆಯ ಮರದ ಡಿಪೋ ಒಂದನ್ನು ಮುಚ್ಚುವಾಗ ಈ ಗಾಡಿ ಅವರ ಕೈಗೆ ಬಂದಿತ್ತು.

“ಇಂಜಿನ್ ಪರವಾಗಿಲ್ಲ ಮೇಸ್ತ್ರಿಗಳೇ, ಓಡುತ್ತೆ. ಈ ಸ್ಟೇರಿಂಗ್ ನೋಡಿ, ಹಿಡಿದ್ರೆ ಕೈಗೇ ಬರೋ ಹಾಗಿದೆ, ಅದಕ್ಕೇ ಓಡಿಸದೆ ನಿಧಾನಕ್ಕೆ ಎಳೆಸ್ಕೊಂಡು ಬಂದೆ. ಹಾರ್ನ್ ಅಂತೂ ನೀವೇ ಕೇಳಿದ್ರಲ್ಲ. ನನ್ನ ಹೊಸ ಹೋಟೆಲ್ ಮೂರು ವಾರದಲ್ಲಿ ತೆರೀತೀನಿ. ಆವತ್ತು ಇದನ್ನ ನಾನೇ ಓಡಿಸ್ಕೊಂಡು ಬರಬೇಕು.”

“ಹೊಸ ಸ್ಟೇರಿಂಗ್ ಹಾಕಿಬಿಡಿ ಅಂತಾರೆ ಬೇರೆ ಕಡೆ,” ಎಂದ ಮೇಸ್ತ್ರಿ.

“ಅದಕ್ಕೇ ಅಲ್ವಾ ಇಲ್ಲಿಗೆ ತಂದಿದ್ದು? ಹಳೇದು ಹಳೇದರ ಹಾಗೇ ಇರಬೇಕು. ನಿಮ್ಮನ್ನ ಬಿಟ್ರೆ ಇದನ್ನ ಬಿಚ್ಚೋ ಕೈ ಇನ್ನೊಂದಿಲ್ಲ ಅಂದ್ರು.”

ಕೈ ಎಂಬ ಮಾತು ಬಂದಾಗ ಮೇಸ್ತ್ರಿ ತನ್ನ ಬಲಗೈಯನ್ನು ಹಳೆ ಬಟ್ಟೆಯೊಳಗೆ ಸುತ್ತಿಕೊಂಡು ಒರೆಸುವವನ ಹಾಗೆ ನಿಂತಿದ್ದ. ಒಪ್ಪಬಾರದಿತ್ತು. ಒಪ್ಪಿಕೊಂಡ.

ಆ ಕೈಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಒಂದು ದಿನ ಚಹಾದ ಲೋಟ ತಟ್ಟೆಯ ಮೇಲೆ ಟಕಟಕ ಎನ್ನತೊಡಗಿತು. ಮೊದಲು ನಿದ್ದೆಗೆಟ್ಟಿದ್ದಕ್ಕೆ ಇರಬೇಕೆಂದುಕೊಂಡ. ಆಮೇಲೆ ಸಣ್ಣ ಸ್ಕ್ರೂಗಳು ಬೆರಳಿನಿಂದ ಜಾರತೊಡಗಿದವು. ಒಂದು ಸಲ ಗೇರ್ ಪೆಟ್ಟಿಗೆಯೊಳಗೆ ನಟ್ ಬಿದ್ದು ಇಡೀ ಪೆಟ್ಟಿಗೆಯನ್ನು ಮತ್ತೆ ಬಿಚ್ಚಬೇಕಾಯಿತು. ಹೆಂಡತಿ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಅವನಿಂದ ಬೆರಳು ಮಡಿಸಿಸಿ, ಬಿಡಿಸಿ, ಕೋಣೆಯ ತುದಿಯವರೆಗೆ ನಡೆಸಿ, ಕಾಗದದ ಮೇಲೆ ಗೆರೆ ಎಳೆಸಿ ನೋಡಿದರು. “ಇದು ವಾಸಿಯಾಗೋದಲ್ಲ, ನಿಧಾನ ಮಾಡಬಹುದು ಅಷ್ಟೆ,” ಎಂದರು.

ಊರಿನವರು ಬೇರೆ ಲೆಕ್ಕ ಹಾಕಿದರು. ಬಂಕಿನ ಮ್ಯಾನೇಜರ್ ಮಾತಾಡಿಸುವ ನೆಪದಲ್ಲಿ ಹತ್ತಿರ ಬಂದು ಅವನ ಬಾಯಿಯ ವಾಸನೆ ನೋಡಿ ಹೋಗುತ್ತಿದ್ದ. ಹುಟ್ಟಿದಾರಭ್ಯ ಒಂದು ತೊಟ್ಟು ಮುಟ್ಟದವನು ಮೇಸ್ತ್ರಿ. “ಕುಡಿಯೋರಿಗೆ ಕುಡಿದ್ರೆ ಕೈ ನಿಲ್ಲುತ್ತಂತೆ ಕಣೇ,” ಎಂದು ಹೆಂಡತಿಯ ಹತ್ತಿರ ಹೇಳಿ ನಕ್ಕಿದ್ದ. “ನನ್ನದು ಕುಡಿಯದೇ ಇರೋ ತಪ್ಪಿಗೆ ನಡುಗ್ತಿದೆ.” ಅವಳು ನಗಲಿಲ್ಲ.

ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ಕೈ ಹೇಳಿದ ಮಾತು ಕೇಳುತ್ತಿತ್ತು. ಒಂಬತ್ತೂವರೆಗೆ ನುಂಗಿದರೆ ಹತ್ತೂ ಕಾಲಿನಿಂದ ಹೆಚ್ಚುಕಡಿಮೆ ಹನ್ನೆರಡರವರೆಗೆ. ಗಂಡ ಹೆಂಡತಿ ಅದನ್ನು ‘ಒಳ್ಳೆ ಹೊತ್ತು’ ಎಂದು ಕರೆಯುತ್ತಿದ್ದರು. ಸೂಕ್ಷ್ಮದ ಕೆಲಸವೆಲ್ಲ ಆ ಹೊತ್ತಿನಲ್ಲೇ. ಉಳಿದ ಹೊತ್ತು ತೊಳೆಯುವುದು, ಗ್ರೀಸ್ ಹಚ್ಚುವುದು, ಗಿರಾಕಿ ಬಂದರೆ ಕೈಯಲ್ಲಿ ಭಾರವಾದದ್ದೇನಾದರೂ ಹಿಡಿದು ನಿಲ್ಲುವುದು. ಭಾರ ಇದ್ದರೆ ನಡುಕ ಕಾಣುವುದಿಲ್ಲ.

ಮೊದಲ ವಾರ ಕೆಲಸ ಚೆನ್ನಾಗಿಯೇ ಸಾಗಿತು. ಬ್ಯಾಟರಿಯ ವೈರು ಕಳಚಿದ. ಸ್ಟೇರಿಂಗ್ ಚಕ್ರದ ನಡುವಿನ ಹಾರ್ನಿನ ಗುಂಡಿಯನ್ನು ಒತ್ತಿ ತಿರುವಿ ತೆಗೆದ. ಅದರಡಿ ಸಣ್ಣ ಸ್ಪ್ರಿಂಗು, ಹಿತ್ತಾಳೆಯ ಬಟ್ಟಲು, ದೊಡ್ಡ ನಟ್ಟು. ನಟ್ಟು ತುಕ್ಕು ಹಿಡಿದು, ಚಕ್ರವನ್ನು ಹೊತ್ತ ಟೊಳ್ಳು ಸರಳಿಗೇ ಬೆಸೆದುಕೊಂಡ ಹಾಗಿತ್ತು. ಎರಡು ದಿನ ಎಣ್ಣೆ ಕುಡಿಸಿ, ಮೂರನೆಯ ದಿನ ಉದ್ದದ ಪೈಪು ತೊಡಿಸಿದ ಸ್ಪ್ಯಾನರಿಗೆ ಮೈಭಾರ ಬಿಟ್ಟಾಗ ‘ಕಟ್’ ಎಂದು ಬಿಟ್ಟುಕೊಟ್ಟಿತು. ಚಕ್ರ ಮತ್ತೆ ಅದೇ ಜಾಗಕ್ಕೆ ಕೂರಬೇಕಲ್ಲ, ಅದಕ್ಕೆ ಸರಳಿಗೂ ಚಕ್ರಕ್ಕೂ ಸೇರಿಸಿ ಒಂದು ಗೀಟು ಕೊರೆದ. ಕೊರೆಯುವಾಗ ಗೀಟು ನೇರ ಬಂತು. ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ.

ಸರಳಿನ ಮೇಲ್ತುದಿಯನ್ನು ಸುತ್ತಿ ಹಿಡಿಯುವ ಬುಷ್ ಸವೆದು ಬಳೆಯ ಹಾಗಾಗಿತ್ತು. ಚಕ್ರ ಮೇಲೆ ಕೆಳಗೆ ಕುಣಿಯುತ್ತಿದ್ದುದಕ್ಕೆ ಅದೇ ಕಾರಣ. ಅಂಗಡಿಯಲ್ಲಿ ಸಿಗುವ ಮಾತೇ ಇಲ್ಲ. ಲೋಹ ಕಡೆಯುವ ಲೇತ್ ಇಟ್ಟುಕೊಂಡಿದ್ದ ಹಳೆಯ ಗೆಳೆಯನ ಬಳಿ ಹೋದ. ಅವನು ಸವೆದ ಬುಷ್ಷನ್ನು ಬೆಳಕಿಗೆ ಹಿಡಿದು ನೋಡಿದ.

“ಇದರ ಅಳತೆ ಯಾರ ಹತ್ತಿರ ಕೇಳ್ಲಿ ಮಾರಾಯಾ? ಮಾಡಿದವನು ಸತ್ತು ಮಣ್ಣಾಗಿರ್ತಾನೆ.”

“ಸರಳಿನ ಅಳತೆ ತಂದಿದೀನಿ. ಕೂದಲೆಳೆಯಷ್ಟು ಸಡಿಲ ಬಿಡು, ಗ್ರೀಸಿಗೆ.”

ಚೀಟಿಯಲ್ಲಿ ಬರೆದಿದ್ದ ಅಂಕಿಗಳನ್ನು ನೋಡಿ ಲೇತಿನವನು ತಲೆ ಎತ್ತಿದ. ಅವು ಇರುವೆಯಷ್ಟು ಸಣ್ಣಗಾಗಿ ಒಂದರ ಮೇಲೊಂದು ಹತ್ತಿದ್ದವು. ಏನೋ ಕೇಳಲು ಬಾಯಿ ತೆರೆದವನು, “ನಾಳಿದ್ದು ಬಾ,” ಎಂದಷ್ಟೇ ಹೇಳಿದ.

ಹಿತ್ತಾಳೆಯ ಬುಷ್ ಹೇಳಿ ಮಾಡಿಸಿದ ಹಾಗೆ ಕೂತಿತು. ಹೇಳಿ ಮಾಡಿಸಿದ್ದೇ ಅನ್ನಿ. ತೊಂದರೆ ಶುರುವಾದದ್ದು ವೈರಿನಲ್ಲಿ.

ಆ ಗಾಡಿಯ ಹಾರ್ನಿನ ಶಾಸ್ತ್ರ ಬಹಳ ಸರಳ. ಗುಂಡಿಯಿಂದ ಹೊರಟ ಒಂಟಿ ವೈರು ಟೊಳ್ಳು ಸರಳಿನೊಳಗೆ ಮೂರಡಿ ಇಳಿದು ಕೆಳಗೆ ಸ್ಟೇರಿಂಗ್ ಬಾಕ್ಸಿನ ಬುಡದಲ್ಲಿ ಹೊರಬರುತ್ತದೆ. ಗುಂಡಿ ಒತ್ತಿದರೆ ವೈರು ಕಬ್ಬಿಣಕ್ಕೆ ತಾಗಬೇಕು, ಹಾರ್ನ್ ಕೂಗಬೇಕು. ಒತ್ತದಿದ್ದರೆ ತಾಗಬಾರದು. ಹಳೆಯ ವೈರಿನ ಬಟ್ಟೆಯ ಹೊದಿಕೆ ಪುಡಿಯಾಗಿ, ಬಲಕ್ಕೆ ತಿರುಗಿದಾಗಲೆಲ್ಲ ತಾಮ್ರ ಒಳಗೋಡೆಗೆ ತಾಗುತ್ತಿತ್ತು. ಹೊಸ ವೈರು ಎಳೆಯಬೇಕು, ಮೇಲೆ ಹಿತ್ತಾಳೆ ಬಟ್ಟಲಿನ ತೂತಿನಲ್ಲಿ ಅದನ್ನು ಹೊರತೆಗೆದು, ತುದಿಗೆ ಕಾಳಿನಷ್ಟು ಬೆಸುಗೆ ಹಾಕಬೇಕು. ಮೊದಲಾದರೆ ಅರ್ಧ ಗಂಟೆಯ ಕೆಲಸ.

ಮೊದಲ ದಿನ ವೈರು ಎಳೆಯುವಾಗ ಸರಳಿನ ಬಾಯಿಯ ಚೂಪು ಅಂಚಿಗೆ ಉಜ್ಜಿ ಹೊದಿಕೆ ಸುಲಿಯಿತು. ಬ್ಯಾಟರಿ ಜೋಡಿಸಿದ ಕೂಡಲೇ ಗಾಡಿ ನಿಂತಲ್ಲೇ ಕೂಗತೊಡಗಿತು. ಎರಡನೆಯ ದಿನ ಹೊಸ ವೈರು, ಮತ್ತೆ ಅದೇ ಪಾಡು. ಮೂರನೆಯ ದಿನ ವೈರು ಸರಿಯಾಗಿ ಬಂತು; ಬೆಸುಗೆ ಹಾಕುವಾಗ ಕೈ ಕುಣಿದು ಕಾದ ಸೀಸ ಬಟ್ಟಲಿನ ಸುತ್ತ ಚೆಲ್ಲಿತು. ಗಡಿಯಾರ ನೋಡಿದ. ಹನ್ನೊಂದೂ ಹತ್ತು. ಒಳ್ಳೆ ಹೊತ್ತಿನಲ್ಲಿ ಇನ್ನೂ ಐವತ್ತು ನಿಮಿಷ ಬಾಕಿ ಇತ್ತು, ಕೈಗೆ ಮಾತ್ರ ಅದರ ಅರಿವಿರಲಿಲ್ಲ. ಮರುದಿನ ಅರ್ಧ ಮಾತ್ರೆ ಹೆಚ್ಚು ನುಂಗಿದ. ತಲೆ ತಿರುಗಿತು, ಕೈ ನಿಲ್ಲಲಿಲ್ಲ. ಸ್ಪ್ರಿಂಗು ಬೆರಳಿನಿಂದ ಸಿಡಿದು ಸೀಟಿನಡಿ ಎಲ್ಲೋ ಬಿತ್ತು. ಅವನು ಮಂಡಿಯೂರಿ ಗಾಡಿಯೊಳಗೆ ತಡಕಿದ. ಸಿಗಲಿಲ್ಲ. ಎದ್ದು ಕೂತು, ಗುಂಡಿಯಿಲ್ಲದ ಚಕ್ರದ ಮೇಲೆ ಮುಷ್ಟಿಯಿಂದ ಗುದ್ದಿದ. ಒಂದಲ್ಲ, ನಾಲ್ಕೈದು ಸಲ.

ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳು ಮನೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುವವಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಡಬ್ಬಿ ಇಟ್ಟು ಹೋಗಿದ್ದಳೇ ಹೊರತು ಶೆಡ್ಡಿನೊಳಗೆ ಒಂದು ಬೋಲ್ಟನ್ನೂ ಮುಟ್ಟಿರಲಿಲ್ಲ. ಅವಳು ಮುಟ್ಟುವುದು ಮೇಸ್ತ್ರಿಗೆ ಇಷ್ಟವಿರಲಿಲ್ಲ. ಈಗ ಅವಳು ಡಬ್ಬಿ ಇಟ್ಟು, ಬಗ್ಗಿ, ಸೀಟಿನ ಕಂಬಿಯ ಸಂದಿಗೆ ಎರಡು ಬೆರಳು ಹಾಕಿ ಸ್ಪ್ರಿಂಗು ತೆಗೆದುಕೊಟ್ಟಳು.

“ಏನು ಮಾಡ್ಬೇಕು ಹೇಳಿ. ನಾನು ಮಾಡ್ತೀನಿ.”

“ನಿನ್ನ ಕೈಲಿ ಆಗಲ್ಲ ಕಣೇ.”

“ನಿಮ್ಮ ಕೈಲಿ ಆಗ್ತಿದೆಯಾ?”

ಹೇಳಿದ ಮೇಲೆ ಅವಳೇ ತುಟಿ ಕಚ್ಚಿಕೊಂಡಳು. ಅವನು ಸೀಟಿನಿಂದ ಇಳಿದು, “ಬಾ, ಕೂತ್ಕೋ,” ಎಂದ.

ಅವಳು ಸರಳಿನ ಬಾಯಿಗೆ ಬೆರಳು ತಾಗಿಸಿ ನೋಡಿ, “ಇದು ಕತ್ತರಿ ಹಾಗಿದೆಯಲ್ರೀ, ದಾರ ತುಂಡಾಗದೇ ಇರುತ್ತಾ?” ಎಂದು ಮನೆಗೆ ಹೋಗಿ ಅಂಚುಪಟ್ಟಿಯ ಚೂರು ಮತ್ತು ಮೇಣದ ಬಿಲ್ಲೆ ತಂದಳು. ಪಟ್ಟಿಯನ್ನು ಅಂಚಿಗೆ ಮಡಚಿ ಹೊದಿಸಿದಳು. ದಪ್ಪ ಬಟ್ಟೆಗೆ ದಾರ ಏರಿಸುವ ಮುನ್ನ ಮಾಡುವ ಹಾಗೆ ವೈರಿಗೆ ಉದ್ದಕ್ಕೂ ಮೇಣ ತಿಕ್ಕಿದಳು. ಅವನು ಗಾಡಿಯ ಕೆಳಗೆ ಮಲಗಿ ವೈರು ಬಿಡುತ್ತ ಹೋದ, ಅವಳು ಮೇಲಿಂದ ಗೇಣು ಗೇಣಾಗಿ ಎಳೆದುಕೊಂಡಳು.

“ನಿಧಾನ.”

“ನಿಧಾನವೇ ಇದೀನಿ. ನೀವು ಎಳೀಬೇಡಿ ಕೆಳಗಿಂದ.”

ಅವನು ಎಳೆಯುತ್ತಿರಲಿಲ್ಲ. ಕೈ ಎಳೆಯುತ್ತಿತ್ತು. ವೈರನ್ನು ಬಿಟ್ಟುಬಿಟ್ಟು ಸುಮ್ಮನೆ ನೆಲದ ಮೇಲೆ ಮಲಗಿದ. ವೈರು ತಾನಾಗಿ ಮೇಲಕ್ಕೆ ಹರಿದುಹೋಯಿತು.

ಬೆಸುಗೆಯ ಕಡ್ಡಿ ಹಿಡಿಯುವುದು ಹೇಗೆಂದು ಒಂದು ಸಲ ಹೇಳಿಕೊಟ್ಟ. “ಇಸ್ತ್ರಿಪೆಟ್ಟಿಗೇಲಿ ಎಷ್ಟು ಸಲ ಸುಟ್ಕೊಂಡಿದೀನೋ, ಇದೇನು ಮಹಾ,” ಎಂದು ಅವಳು ಕಾಳಿನಷ್ಟೇ ಬೆಸುಗೆ ಇಟ್ಟಳು. ಬಟ್ಟಲು, ಸ್ಪ್ರಿಂಗು, ಗುಂಡಿ ಕೂತವು. ಬ್ಯಾಟರಿ ಜೋಡಿಸಿದ. ಗಾಡಿ ತುಟಿ ಪಿಟಕ್ಕೆನ್ನಲಿಲ್ಲ. ಚಕ್ರವನ್ನು ಬಲಕ್ಕೆ ತುದಿಯವರೆಗೂ ತಿರುಗಿಸಿದ. ಮೌನ. “ಒತ್ತು,” ಎಂದ. ಅವಳು ಒತ್ತಿದಳು. ಆ ದಪ್ಪ ದನಿಗೆ ತಗಡಿನ ಮಾಡು ನಡುಗಿತು, ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದವರು ತಿರುಗಿ ನೋಡಿದರು. ಅವಳು ಬೆಚ್ಚಿ ಕೈ ತೆಗೆದು, ಮತ್ತೆ ಬೇಕೆಂದೇ ಒಂದು ಸಲ ಒತ್ತಿ, ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದು ಅವನಿಗೆ ನೆನಪಿರಲಿಲ್ಲ.

ಮರುದಿನ ಒಳ್ಳೆ ಹೊತ್ತಿನಲ್ಲಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿಯನ್ನು ರಸ್ತೆಗೆ ತೆಗೆದ. ಗೋದಾಮುಗಳ ಹಿಂದಿನ ಖಾಲಿ ರಸ್ತೆ. ಎಡ ತಿರುವು, ಬಲ ತಿರುವು, ಮತ್ತೆ ಬಲ. ಚಕ್ರ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಅವಳು ಕಿಟಕಿಯ ಮೇಲೆ ಮೊಣಕೈ ಊರಿ ಕೂತಿದ್ದಳು. ಎರಡು ಸುತ್ತು ಮುಗಿಸಿ ಮೂರನೆಯದಕ್ಕೆ ಹೊರಟಾಗ ಚಕ್ರ ಅದುರತೊಡಗಿತು.

“ಇನ್ನೂ ಅಲ್ಲಾಡ್ತಿದೆಯಲ್ರೀ,” ಎಂದಳು.

ಅವನು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ. ಬಲಗೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಚಕ್ರ ನಿಂತಿತು. ತೊಡೆಯ ಮೇಲೆ ಕೈ ಅಲ್ಲಾಡುತ್ತಲೇ ಇತ್ತು. ಹಳೆಯ ಬುಷ್ ಇದ್ದಿದ್ದರೆ ಈ ನಡುಕ ಆ ಸಡಿಲಿನಲ್ಲಿ ಕರಗಿಹೋಗುತ್ತಿತ್ತು. ಈಗ ಬಿಗಿಯಾದ ಸರಳು ಅದನ್ನು ಮುಂದಿನ ಗಾಲಿಗಳವರೆಗೂ ಮುಟ್ಟಿಸುತ್ತಿತ್ತು. ಇಂಜಿನ್ ಆರಿಸಿ ಇಬ್ಬರೂ ನಲವತ್ತು ನಿಮಿಷ ಅಲ್ಲೇ ಕೂತರು. ಕೊನೆಗೆ ಹೆಂಡತಿ ಇಳಿದು ಬಂಕಿನವರೆಗೆ ನಡೆದುಹೋಗಿ ಗಾಡಿ ಓಡಿಸಬಲ್ಲವರೊಬ್ಬರನ್ನು ಕರೆತಂದಳು.

ಹೋಟೆಲ್ ಮಾಲೀಕರು ಹೇಳಿದ ದಿನಕ್ಕೆ ಸರಿಯಾಗಿ ಬಂದು, ಹಾರ್ನ್ ಒತ್ತಿ ಮಗುವಿನ ಹಾಗೆ ಕುಣಿದಾಡಿದರು. ಮಜೂರಿಗಿಂತ ಹೆಚ್ಚೇ ಕೊಟ್ಟರು. “ಉದ್ಘಾಟನೆಗೆ ಇಬ್ಬರೂ ಬರಲೇಬೇಕು,” ಎಂದು ಹೆಗಲ ಮೇಲೆ ಕೈ ಹಾಕಿದರು. ಆ ದಿನ ಮೇಸ್ತ್ರಿಗೆ ಮೈಯೆಲ್ಲ ಬಿಗಿದುಕೊಂಡು ಹಾಸಿಗೆಯಿಂದ ಏಳಲಾಗಲಿಲ್ಲ. ಇಪ್ಪತ್ತು ದಿನದ ಮೇಲೆ ಒಂದು ಮಧ್ಯಾಹ್ನ ಹೆಂಡತಿಯ ಜೊತೆ ಬಸ್ಸು ಹತ್ತಿ ನೋಡಲು ಹೋದ.

ಹೋಟೆಲಿನ ಮುಂದೆ ಸಿಮೆಂಟಿನ ಕಟ್ಟೆ. ಕಟ್ಟೆಯ ಮೇಲೆ ಪಿಕಪ್. ಹೊಸ ಕೆಂಪು ಬಣ್ಣ, ತೊಟ್ಟಿಯ ತುಂಬ ಮಣ್ಣು ಹಾಕಿ ಹೂಗಿಡ. ಗಾಲಿಗಳ ಅರ್ಧ ಸಿಮೆಂಟಿನೊಳಗೆ ಹೂತಿತ್ತು. ಬಾನೆಟ್ಟಿನ ಸಂದಿಯಿಂದ ನೋಡಿದರೆ ಆ ಕಡೆಯ ಗೋಡೆ ಕಾಣುತ್ತಿತ್ತು, ಇಂಜಿನ್ ಇರಲಿಲ್ಲ. ಮೇಸ್ತ್ರಿ ಬಾಗಿಲು ತೆರೆದು ಚಕ್ರಕ್ಕೆ ಕೈ ಹಾಕಿದ. ತಿರುಗಲಿಲ್ಲ. ಸರಳು ಮತ್ತು ಹೊರಕೊಳವೆ ಸೇರುವ ಕಡೆ, ಸರಿಯಾಗಿ ಹೊಸ ಬುಷ್ ಇದ್ದ ಜಾಗದಲ್ಲಿ, ಸುತ್ತಲೂ ದಪ್ಪನೆಯ ವೆಲ್ಡಿಂಗ್ ಗಂಟು. ಹಾರ್ನಿನ ಗುಂಡಿ ಒತ್ತಿದ. ಬರೀ ಸ್ಪ್ರಿಂಗಿನ ಸಪ್ಪಳ.

ಅಷ್ಟರಲ್ಲಿ ಮಾಲೀಕರು ಓಡಿ ಬಂದರು. ನಿಜವಾಗಿಯೂ ಖುಷಿಯಾಗಿತ್ತು ಅವರಿಗೆ.

“ಬನ್ನಿ ಬನ್ನಿ! ಹೇಗಿದೆ? ಆವತ್ತು ನಾನೇ ಓಡಿಸ್ಕೊಂಡು ಬಂದೆ, ಜನ ಮೂಗಿನ ಮೇಲೆ ಬೆರಳಿಟ್ಕೊಂಡ್ರು. ಆಮೇಲೆ ಹೋಟೆಲಿನ ಅಲಂಕಾರ ಮಾಡಿದವರು ಇಲ್ಲೇ ನಿಲ್ಲಿಸೋಣ ಅಂದ್ರು. ಮಕ್ಕಳು ಹತ್ತಿ ತಿರುಗಿಸಿ ಬೆರಳು ಸಿಕ್ಕಿಸ್ಕೊಂಡಾರು ಅಂತ ಬೆಸೆಸಿಬಿಟ್ಟೆ. ಹಾರ್ನ್ ಒಂದು, ದಿನವಿಡೀ ಒತ್ತಿ ಒತ್ತಿ ಊಟ ಮಾಡೋರಿಗೆ ತಲೆ ಚಿಟ್ಟು. ವೈರು ಕತ್ತರಿಸ್ದೆ.” ಆಮೇಲೆ ದನಿ ತಗ್ಗಿಸಿ, ಹೊಗಳುವ ಹಾಗೆ ಹೇಳಿದರು: “ವೆಲ್ಡಿಂಗಿನವನು ನಿಮ್ಮ ಕೆಲಸ ನೋಡಿ ಬೆರಗಾದ ಮೇಸ್ತ್ರಿಗಳೇ. ಒಂಚೂರೂ ಅಲ್ಲಾಡದೇ ಇದ್ದಿದ್ದಕ್ಕೆ ಬೆಸೆಯೋದು ಸಲೀಸಾಯ್ತಂತೆ.”

ಮೇಸ್ತ್ರಿ, “ಒಳ್ಳೇದಾಯ್ತು ಸಾರ್,” ಎಂದ. ಹೆಂಡತಿಯ ಮುಖ ಕೆಂಪಾಗಿತ್ತು. ಅವಳು ಏನೋ ಹೇಳುವವಳಿದ್ದಳು. ಅವನು ಅವಳ ಮೊಣಕೈ ಮುಟ್ಟಿದ. ಮಾಲೀಕರು ಕಾಫಿ ಕುಡಿಸದೆ ಬಿಡಲಿಲ್ಲ. ಅವನ ಲೋಟವನ್ನು ಅವಳೇ ಎರಡೂ ಕೈಯಲ್ಲಿ ಹಿಡಿದು, ಯಾರೂ ನೋಡದ ಹಾಗೆ ಅವನ ತುಟಿಗಿಟ್ಟಳು.

ಬಸ್ಸಿನಲ್ಲಿ ಅವಳು ಬಾಯಿ ಬಿಟ್ಟಳು. “ಬೆಸೆಯೋದಕ್ಕೇ ಆಗಿದ್ರೆ ನಮ್ಮಿಂದ ಯಾಕೆ ಮಾಡಿಸ್ಬೇಕಿತ್ತು?”

“ಆಗ ಅವರಿಗೂ ಗೊತ್ತಿರಲಿಲ್ಲ. ಬಿಡು. ಗಾಡಿ ಅವರದು.”

ಅವನಿಗೆ ಸಿಟ್ಟು ಬಂದಿರಲಿಲ್ಲ ಎಂದಲ್ಲ. ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

ಅಂದಿನಿಂದ ಕೆಲಸಕ್ಕೆ ಮನಸ್ಸು ಹೋಗಲಿಲ್ಲ, ಆದರೂ ಶೆಡ್ಡಿಗೆ ಹೋಗುತ್ತಲೇ ಇದ್ದ. ಶೆಡ್ಡು ಬಿಡಿಸಿದ್ದು ಪಿಕಪ್ಪಲ್ಲ, ಒಂದು ಸಣ್ಣ ಕಾರು. ಹತ್ತು ವರ್ಷದಿಂದ ಅವನಲ್ಲಿಗೇ ಬರುತ್ತಿದ್ದ ಟೀಚರಮ್ಮನ ಕಾರು. ಬ್ರೇಕಿನ ಪೈಪು ಬದಲಾಯಿಸಿ ಕೊಟ್ಟಿದ್ದ. ಸಂಜೆ ಐದಕ್ಕೆ ಅವರು ನಡೆದುಕೊಂಡೇ ವಾಪಸು ಬಂದರು. ಮುಖ ಸುಣ್ಣವಾಗಿತ್ತು.

“ರೈಲ್ವೆ ಗೇಟಿನ ಹತ್ರ ಬ್ರೇಕ್ ಪೆಡಲ್ ತಳ ಮುಟ್ಟಿಬಿಡ್ತು ಮೇಸ್ತ್ರಿ, ಹಿಡೀಲೇ ಇಲ್ಲ. ಮುಂದೆ ಲಾರಿ ಇತ್ತು. ಮಣ್ಣಿನ ಗುಡ್ಡೆಗೆ ಹತ್ತಿಸಿಬಿಟ್ಟೆ. ಯಾರಿಗೂ ಏನಾಗಲಿಲ್ಲ.”

ಅವನು ಓಡಿಹೋಗಿ ನೋಡಿದ. ಪೈಪಿನ ನಟ್ಟನ್ನು ಬೆರಳಲ್ಲಿ ತಿರುವಿದ್ದ, ಸ್ಪ್ಯಾನರಿನಿಂದ ಬಿಗಿದಿರಲಿಲ್ಲ. ಬಿಗಿದೆನೆಂದೇ ನಂಬಿದ್ದ, ಕೈಯಲ್ಲಿ ಸ್ಪ್ಯಾನರು ಅಲ್ಲಾಡುತ್ತಿದ್ದುದನ್ನೇ ಬಿಗಿಯುತ್ತಿದ್ದೇನೆಂದು ತಿಳಿದಿದ್ದ. “ತಪ್ಪಾಯ್ತು ಅಮ್ಮಾ,” ಎಂದ. ಟೀಚರಮ್ಮ ಬೈಯಲಿಲ್ಲ. ಅವನ ಕೈ ನೋಡಿದರು. “ಬೈಯೋಕೆ ಬಂದಿದ್ದಲ್ಲ. ನಿಮಗೆ ಗೊತ್ತಿರಲಿ ಅಂತ ಹೇಳೋಕೆ ಬಂದೆ,” ಎಂದು ಕಣ್ಣೊರೆಸಿಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಆ ವಾರವೇ ಉಪಕರಣಗಳನ್ನೆಲ್ಲ ಲೇತಿನ ಗೆಳೆಯನಿಗೆ ಕೊಟ್ಟ. ಗೆಳೆಯ, “ಇಟ್ಕೊಂಡಿರ್ತೀನಿ, ಬೇಕಾದಾಗ ತಗೊಂಡು ಹೋಗು,” ಎಂದ. ಇನ್ನು ಬೇಕಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸೋಮವಾರ ಶೆಡ್ಡಿನ ಬೀಗದ ಕೈಯನ್ನು ಬಂಕಿನ ಮ್ಯಾನೇಜರಿಗೆ ಕೊಟ್ಟು ಮನೆಗೆ ನಡೆದ. ಅಲ್ಲಿ ಕಾರು ತೊಳೆಯುವ ಯಂತ್ರ ಹಾಕುತ್ತಾರಂತೆ.

ಮನೆ ತಲುಪಿದಾಗ ಹನ್ನೊಂದು ಗಂಟೆ. ಮೂವತ್ತು ವರ್ಷದಿಂದ ಕೆಲಸದ ದಿನ ಆ ಹೊತ್ತಿಗೆ ಅವನು ಮನೆಯಲ್ಲಿದ್ದುದೇ ಇಲ್ಲ. ಮುಂದಿನ ಕೋಣೆಯಲ್ಲಿ ಬಿಸಿಲು ಎಲ್ಲಿಯವರೆಗೆ ಬರುತ್ತದೆಂದೂ ಅವನಿಗೆ ತಿಳಿದಿರಲಿಲ್ಲ. ಹೆಂಡತಿ ಮಷೀನಿನಿಂದ ತಲೆ ಎತ್ತಿ, ಏನೂ ಕೇಳದೆ, ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಮಂಚಕ್ಕೆ ಹಾಕಿದಳು. ಅವನು ಕೂತ.

ಸ್ವಲ್ಪ ಹೊತ್ತಾದ ಮೇಲೆ, “ನಾನೇನು ಮಾಡ್ಲಿ ಈಗ?” ಎಂದ.

ಅವಳು ಸುತ್ತಮುತ್ತ ನೋಡಿದಳು. ಅಂಗಿಯ ಗುಂಡಿಗಳ ಡಬ್ಬಿ ತೆಗೆದು ಅವನ ಮಡಿಲಿಗಿಟ್ಟಳು. “ಎಲ್ಲಾ ಕಲಸಿಹೋಗಿದೆ. ಬಿಳೀದು ಬೇರೆ, ನೀಲೀದು ಬೇರೆ ಮಾಡಿ.”

ಅವನು ಒಂದೊಂದಾಗಿ ಆರಿಸತೊಡಗಿದ. ಹತ್ತು ಹನ್ನೆರಡು ಆರಿಸುವಷ್ಟರಲ್ಲಿ ತಗಡಿನ ಡಬ್ಬಿ ಅವನ ಕೈಯಲ್ಲಿ ಗಲಗಲ ಎನ್ನತೊಡಗಿತು. ಅವನು ಅದನ್ನು ಹೊಟ್ಟೆಗೆ ಒತ್ತಿ ಹಿಡಿದ, ಸದ್ದು ನಿಲ್ಲಲಿಲ್ಲ. ಅವಳು ಅತ್ತ ತಿರುಗಲಿಲ್ಲ. ಮಷೀನಿನ ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಆದರೂ ಅವಳು ಜೋರಾಗಿ ತುಳಿಯತೊಡಗಿದಳು.